ಕೈಗೆಲಸದ ಹಿಂಬದಿ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕಿಯರು ಕೇಳಿಕೊಂಡಾಗ, ಹಳೆಯ ವಿದ್ಯಾರ್ಥಿನಿಯರಾದ ನಾವು ಸಾಮಾನ್ಯವಾಗಿ ಬರೆಯುವಂತೆ ಶಾಲೆಯ ಗಂಟೆಯನ್ನೂ ಅಂಗಳದ ಮರದ ನೆರಳನ್ನೂ ಉಪಾಧ್ಯಾಯಿನಿಯರ ವಾತ್ಸಲ್ಯವನ್ನೂ ಸ್ಮರಿಸಿ ಮೂರು ನಾಲ್ಕು ಪುಟಗಳನ್ನು ತುಂಬಿಸಿಬಿಡಬಹುದೆಂದು ಎಣಿಸಿದ್ದೆನು. ಆ ಸ್ಮರಣೆಗಳು ನನಗೂ ಪ್ರಿಯವಾದುವೇ. ಆದರೆ ಹಿಂದಿನ ವಾರ್ಷಿಕೋತ್ಸವದ ದಿನ ಶಾಲೆಗೆ ಬಂದಾಗ ಕಂಡ ಒಂದು ಸಂಗತಿಯು ನನ್ನ ಮನಸ್ಸನ್ನು ಬಿಡದೆ ಹಿಡಿದುಕೊಂಡಿರುವುದರಿಂದ, ಸೋದರಿಯರೊಡನೆಯೂ ತಾಯಿತಂದೆಗಳೊಡನೆಯೂ ಅದನ್ನು ಕುರಿತು ಸ್ವಲ್ಪ ವಾದಮಾಡಬೇಕೆಂದಿದ್ದೇನೆ.

ಆ ದಿನ ದೊಡ್ಡ ಸಭಾಂಗಣದಲ್ಲಿ ಬಾಲಿಕೆಯರ ಕೈಗೆಲಸದ ಪ್ರದರ್ಶನವಿದ್ದಿತು. ಮೇಜುಗಳ ಮೇಲೆ ಬಿಳಿಯ ಹಾಸು, ಹಾಸಿನ ಮೇಲೆ ಕಸೂತಿಯ ಮೇಜುಬಟ್ಟೆಗಳು, ಉಣ್ಣೆಯ ಕುಲಾವಿಗಳು, ಮಣಿಯ ಚೀಲಗಳು. ಎಲ್ಲವೂ ಬಲು ಅಂದವಾಗಿದ್ದುವು. ಮೊದಲನೆಯ ಬಹುಮಾನ ಪಡೆದ ಮೇಜುಬಟ್ಟೆಯನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು, ಪಕ್ಕದಲ್ಲಿ 'ಮುಟ್ಟಬಾರದು' ಎಂಬ ಚೀಟಿಯನ್ನು ಅಂಟಿಸಿದ್ದರು. ಅದರ ಹಿಂಬದಿಯನ್ನು ನೋಡಬೇಕೆಂಬ ಹಳೆಯ ಚಪಲದಿಂದ ನಾನು ಬಗ್ಗಿ ಇಣುಕಲು, ಕಾವಲಿಗೆ ನಿಂತಿದ್ದ ಎಂಟನೆಯ ತರಗತಿಯ ಹುಡುಗಿಯು ಬಹು ವಿನಯದಿಂದ ನನ್ನನ್ನು ತಡೆದಳು. ಇದನ್ನು ಮಾಡಿದವಳು ನೀನೇ ಏನಮ್ಮ ಎಂದು ವಿಚಾರಿಸಿದೆನು. ಹೌದೆಂದಳು, ಬಳಿಕ ಸತ್ಯಸಂಧೆಯಾದ ಆ ಮಗುವು ದನಿ ತಗ್ಗಿಸಿ, 'ನನಗೆ ಪರೀಕ್ಷೆ ಇತ್ತು, ಆಂಟಿ. ಅಮ್ಮ ಮಾಡಿಕೊಟ್ಟರು' ಎಂದು ಸೇರಿಸಿದಳು. ಈ ಸಾಲುಗಳನ್ನು ಓದುವ ತಾಯಂದಿರಲ್ಲಿ ಆ ಅಮ್ಮನೂ ಒಬ್ಬರಿದ್ದರೆ ಕೋಪಿಸಿಕೊಳ್ಳಬಾರದು. ಮೇಜುಬಟ್ಟೆಯು ನಿಜವಾಗಿಯೂ ಬಹುಮಾನಕ್ಕೆ ಯೋಗ್ಯವಾಗಿಯೇ ಇದ್ದಿತು.

ನಾವು ಓದುತ್ತಿದ್ದ ಕಾಲದಲ್ಲಿ ಹೊಲಿಗೆ ಕಲಿಸುತ್ತಿದ್ದ ಉಪಾಧ್ಯಾಯಿನಿಯವರು ಧಾರವಾಡದ ಕಡೆಯವರು. ಬಟ್ಟೆಯ ಮೇಲೆ ಗೆರೆ ಎಳೆಯಗೊಡದೆ, ಎಳೆಗಳನ್ನು ಎಣಿಸಿಯೇ ಕಸೂತಿಯನ್ನು ಹಾಕಬೇಕೆಂಬುದು ಅವರ ಕಟ್ಟುನಿಟ್ಟು. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯ ಎಂದು ನಾಲ್ಕು ಬಗೆಯ ಹೊಲಿಗೆಗಳುಂಟಷ್ಟೆ. ಅವುಗಳಲ್ಲಿ ಗವಂತಿಯೂ ಮುರ್ಗಿಯೂ ಬಟ್ಟೆಯ ಎರಡು ಬದಿಗಳಲ್ಲಿಯೂ ಒಂದೇ ರೀತಿಯಾಗಿ ಕಾಣತಕ್ಕವು. ಸೂಜಿಯು ಒಂದು ಸಲ ಎಡೆಬಿಟ್ಟು ಎಡೆಬಿಟ್ಟು ಮುಂದಕ್ಕೆ ಹೋಗಿ, ಮತ್ತೆ ಹಿಂದಿರುಗುವಾಗ ಬಿಟ್ಟ ಎಡೆಗಳನ್ನೇ ತುಂಬುತ್ತ ಬರುತ್ತದೆ. ಎಲ್ಲಿಯೂ ಗಂಟು ಹಾಕುವಂತಿಲ್ಲ. ಆದಕಾರಣ ಅವರು ನಮ್ಮ ಕೆಲಸವನ್ನು ಕೈಗೆ ತೆಗೆದುಕೊಂಡೊಡನೆ ಮೊದಲು ಮಾಡುತ್ತಿದ್ದ ಕಾರ್ಯವೆಂದರೆ ಬಟ್ಟೆಯನ್ನು ಮಗುಚುವುದು. ನನ್ನ ಬಟ್ಟೆಯ ಬೆನ್ನು ಯಾವಾಗಲೂ ಕಾಗೆಯ ಗೂಡಿನಂತಿರುತ್ತಿದ್ದಿತು. ಅವರು ಬೈಯುತ್ತಿರಲಿಲ್ಲ, ನನ್ನ ಬಟ್ಟೆಯನ್ನು ಬೆನ್ನು ಮೇಲಾಗಿ ನಡುವಿನ ಮೇಜಿನ ಮೇಲೆ ಹರಡಿ, ಉಳಿದ ಹುಡುಗಿಯರನ್ನು ಸುತ್ತ ಕರೆದು, ಇವಳು ದಾರಿ ತಪ್ಪಿದ್ದು ಎಲ್ಲಿ ಹೇಳಿರಿ ಎನ್ನುತ್ತಿದ್ದರು. ಹನ್ನೆರಡು ತಲೆಗಳು ಒಟ್ಟಿಗೆ ಬಗ್ಗುತ್ತಿದ್ದುವು. ಆ ಮೇಜಿನ ಸುತ್ತ ನಾವು ಕಲಿತಷ್ಟನ್ನು ಯಾವ ಪ್ರದರ್ಶನದಲ್ಲಿಯೂ ಯಾರೂ ಕಲಿತಿರಲಾರರು.

ನನ್ನ ವಾದವು ಇಷ್ಟೆ. ಕೈಯಿಂದ ಮಾಡಿದ ವಸ್ತುವನ್ನು ಎರಡು ವಿಧವಾಗಿ ಜನರ ಮುಂದಿಡಬಹುದು. ಮುಗಿದ ಮೇಲೆ ಒಪ್ಪಮಾಡಿ, ಮುಂಬದಿಯನ್ನು ಮಾತ್ರ ತೋರಿಸಿ, ಹೊಗಳಿಕೆಯನ್ನೋ ಬಹುಮಾನವನ್ನೋ ಬೆಲೆಯನ್ನೋ ನಿರೀಕ್ಷಿಸುವುದು ಒಂದು. ಮಾಡುತ್ತಿರುವಾಗಲೇ, ಅರ್ಧದಲ್ಲಿಯೇ, ಮಾಡಬಲ್ಲ ಇತರರ ಕೈಗೆ ಕೊಟ್ಟು, ಮಗುಚಿ ನೋಡಗೊಡುವುದು ಇನ್ನೊಂದು. ನಮ್ಮ ಶಾಲೆಗಳೂ ಸಂಘಗಳೂ ಸರ್ಕಾರದ ಮೇಳಗಳೂ ಮೊದಲನೆಯದನ್ನು ವಿಶೇಷ ಉತ್ಸಾಹದಿಂದ ನಡೆಸುತ್ತಿವೆ. ಎರಡನೆಯದಕ್ಕೆ ಬೇಕಾದ ಕೊಠಡಿಗೆ ಬೀಗ ಬಿದ್ದಿದೆ. ಇದನ್ನು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಆ ವಾರ್ಷಿಕೋತ್ಸವದ ದಿನ ನಮ್ಮ ಹಳೆಯ ಹೊಲಿಗೆಯ ಕೊಠಡಿಯನ್ನು ಹುಡುಕಿಕೊಂಡು ಹೋದೆನು. ಬಾಗಿಲಿಗೆ ಬೀಗವಿದ್ದಿತು, ಕಿಟಕಿಯೊಳಗಿಂದ ಮುರಿದ ಬೆಂಚುಗಳ ರಾಶಿಯು ಕಾಣಿಸಿತು.

ಇಂಥ ಕೊಠಡಿಯೆಂಬುದು ಪರದೇಶದಿಂದ ಬಂದ ಹೊಸ ಕಲ್ಪನೆಯೆಂದು ಯಾರೂ ತಿಳಿಯಬಾರದು. ನಾನು ಮದುವೆಯಾಗಿ ಸೇರಿದ ಊರು ನಾಗಮಂಗಲ ತಾಲ್ಲೂಕಿನಲ್ಲಿ, ಆದಿಚುಂಚನಗಿರಿಯ ಬೆಟ್ಟವು ಕಾಣುವಷ್ಟು ಸಮೀಪದಲ್ಲಿದೆ. ರಾಗಿಯ ಹೊಲ, ತೆಂಗಿನ ತೋಟ, ಬೆಳಗಿನ ಹೊತ್ತು ನವಿಲಿನ ಕೂಗು. ಇದೇ ನಮ್ಮ ಸೀಮೆ. ನಮ್ಮ ಊರಿನಲ್ಲಿ ಹಿಂದೆ ಒಂದು ಕುಲುಮೆಯಿದ್ದಿತೆಂದು ಮಾವನವರು ಹೇಳುತ್ತಿದ್ದರು. ಮುಂಗಾರಿಗೆ ಮುಂಚೆ ರೈತರು ಗುಳ ತಟ್ಟಿಸಲೂ, ಸುಗ್ಗಿಗೆ ಮುಂಚೆ ಕುಡುಗೋಲಿಗೆ ಹಲ್ಲು ಹಾಕಿಸಲೂ ಅಲ್ಲಿಗೆ ಹೋಗಿ ಕುಳಿತುಕೊಳ್ಳುವರು. ತಿದಿ ಒತ್ತುವವನು ಕೆಲಸ ತಂದ ರೈತನೇ. ಆಚಾರಿಗೆ ಕೂಲಿಯು ದುಡ್ಡಿನಲ್ಲಲ್ಲ, ಸುಗ್ಗಿಯ ಕಾಲದಲ್ಲಿ ಕಣದಿಂದ ಸಲ್ಲುವ ಆಯ. ಕುಳಿತವರು ಒಬ್ಬರ ನೇಗಿಲನ್ನು ಇನ್ನೊಬ್ಬರು ತೂಗಿ ನೋಡುವರು, ಈ ಈಸು ಏಕೆ ಇಷ್ಟು ಬೇಗ ಸವೆಯಿತೆಂದು ಚರ್ಚಿಸುವರು, ಮರ ಆರಿಸಿದ್ದು ತಪ್ಪೆಂದು ಗೇಲಿಮಾಡುವರು. ಕುಲುಮೆಯು ಕಮ್ಮಾರನ ಅಂಗಡಿ ಮಾತ್ರವಾಗಿರದೆ ಊರಿನ ಉಪಕರಣಗಳೆಲ್ಲವೂ ವರ್ಷಕ್ಕೆರಡು ಬಾರಿ ಪರಸ್ಪರ ಭೇಟಿಯಾಗುವ ಸ್ಥಳವಾಗಿದ್ದಿತು. ಆದರೆ ಒಂದು ಮಾತು: ಅಲ್ಲಿ ಹೆಂಗಸರು ಕುಳಿತುಕೊಳ್ಳುತ್ತಿರಲಿಲ್ಲ. ನಮ್ಮ ಕೆಲಸಗಳು ಮನೆಯ ಹಿಂದಿನ ಜಗುಲಿಯಲ್ಲಿಯೇ ಹುಟ್ಟಿ, ಅಲ್ಲಿಯೇ ಸವೆದು, ಮಾಡಿದವಳೊಡನೆಯೇ ಅಳಿಯುತ್ತಿದ್ದುವು.

ಕರ್ನಾಟಕದಲ್ಲಿ 2000ನೆಯ ಇಸವಿಯಿಂದೀಚೆಗೆ ಸ್ತ್ರೀಶಕ್ತಿ ಸಂಘಗಳು ಹಳ್ಳಿಹಳ್ಳಿಗಳಲ್ಲಿ ಏರ್ಪಟ್ಟಿರುವುದು ಎಲ್ಲರಿಗೂ ತಿಳಿದ ವಿಷಯವೇ. ವಾರಕ್ಕೊಮ್ಮೆ ಸೇರುವುದು, ಉಳಿತಾಯದ ಹಣವನ್ನು ಪುಸ್ತಕದಲ್ಲಿ ಬರೆಯುವುದು, ಸಾಲ ಕೊಡುವುದು, ಮನೆಗೆ ಹೊರಡುವುದು. ನಮ್ಮ ಊರಿನ ಸಂಘವು ಸಮುದಾಯ ಭವನದಲ್ಲಿ ಸೇರುತ್ತದೆ. ಲೆಕ್ಕ ಮುಗಿಯಲು ಅರ್ಧ ಗಂಟೆ ಸಾಕು; ಬಳಿಕ ಅಷ್ಟು ದೊಡ್ಡ ಮನೆಯು ಬರಿದಾಗಿ ಬಿದ್ದಿರುತ್ತದೆ. ಒಂದು ಶನಿವಾರ ಸದಸ್ಯೆಯೊಬ್ಬರು ಅರ್ಧ ಹೆಣೆದ ಈಚಲ ಗರಿಯ ಚಾಪೆಯನ್ನು ಕಂಕುಳಲ್ಲಿರಿಸಿಕೊಂಡು ಬಂದಿದ್ದರು. ಹೊತ್ತು ವ್ಯರ್ಥವಾಗಬಾರದೆಂಬುದೇ ಅವರ ಉದ್ದೇಶ. ಅಂಚು ತಿರುಗಿಸುವ ಬಗೆಯನ್ನು ನೋಡಲು ನಾಲ್ವರು ಸುತ್ತ ಕುಳಿತರು. ಮುಂದಿನ ವಾರ ಮೂರು ಮಂದಿ ತಮ್ಮ ತಮ್ಮ ಕೆಲಸವನ್ನು ತಂದರು. ಯಾರೂ ಠರಾವು ಮಾಡಲಿಲ್ಲ, ಅಧ್ಯಕ್ಷರನ್ನು ಆರಿಸಲಿಲ್ಲ, ದೀಪ ಬೆಳಗಿಸಲಿಲ್ಲ. ಬಹುಶಃ ಅದರಿಂದಲೇ ಅದು ಬದುಕಿಕೊಂಡಿತು.

ನನ್ನ ಅನುಭವವನ್ನೇ ಹೇಳುತ್ತೇನೆ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ 'ಚರಕ' ಎಂಬ ಮಹಿಳೆಯರ ಸಹಕಾರ ಸಂಘವೊಂದುಂಟು. ರಂಗಕರ್ಮಿ ಪ್ರಸನ್ನರ ಪ್ರಯತ್ನದಿಂದ 1990ರ ದಶಕದಲ್ಲಿ ಹುಟ್ಟಿದುದು. ಅಲ್ಲಿಯ ಕೈಮಗ್ಗದ ಬಟ್ಟೆಗೆ ಅಡಕೆಯ ಚೊಗರಿನಿಂದ ಕೆಂಗಂದು ಬಣ್ಣವನ್ನು ಕಟ್ಟುವರು. ಅಡಕೆಯನ್ನು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಆ ಗಟ್ಟಿ ರಸವು ಮಲೆನಾಡಿನ ಮನೆಗಳಿಗೆ ಹೊಸದಲ್ಲ. ಅದರ ಕಲೆ ಬಟ್ಟೆಗೆ ತಗಲಿದರೆ ಹೋಗದೆಂಬುದು ಅಲ್ಲಿಯ ಪ್ರತಿಯೊಬ್ಬ ಗೃಹಿಣಿಯ ಗೋಳು. ಆ ಗೋಳನ್ನೇ ಬಣ್ಣವಾಗಿ ಮಾಡಿಕೊಂಡದ್ದು ಸೊಗಸಲ್ಲವೆ! ಚರಕದ ಸೀರೆಯೊಂದನ್ನು ಉಟ್ಟು ಮೆಚ್ಚಿಕೊಂಡಿದ್ದ ನಾನು, ತೀರ್ಥಹಳ್ಳಿಯ ಬಂಧುಗಳಿಂದ ಒಂದು ಡಬ್ಬಿ ಚೊಗರನ್ನು ತರಿಸಿ, ಪುಸ್ತಕದಲ್ಲಿ ಹೇಳಿದ ಪ್ರಕಾರ ಬಟ್ಟೆಯನ್ನು ಪಟಿಕದ ನೀರಿನಲ್ಲಿ ನೆನೆಸಿ, ಚೊಗರಿನಲ್ಲಿ ಕುದಿಸಿದೆನು. ಬಂದ ಬಣ್ಣವು ಕೆಂಪಲ್ಲ. ಮಳೆಗಾಲದ ಚರಂಡಿಯ ನೀರಿನಂಥ ಕಪ್ಪು ಬೂದು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಪಟಿಕವನ್ನು ಹೆಚ್ಚಿಸಿದೆನು. ಬಣ್ಣವು ಮತ್ತಷ್ಟು ಮಂಕಾಯಿತೇ ಹೊರತು ಕೆಂಪಾಗಲಿಲ್ಲ. ನಾಲ್ಕು ಮೊಳ ಒಳ್ಳೆಯ ಖಾದಿ ಹಾಳಾಯಿತೆಂದು ಅದನ್ನು ಮಡಿಸಿ ಮೂಲೆಗಿಟ್ಟಿದ್ದೆನು.

ಮಾಡಿ ಕೆಡಿಸಿದುದನ್ನು ನಾಲ್ಕು ಜನರ ಮುಂದೆ ಬಿಚ್ಚುವುದು ನನ್ನಂಥ ಓದಿದ ಹೆಂಗಸಿಗೆ ಸುಲಭವಲ್ಲ. ಆದರೂ ಒಂದು ಶನಿವಾರ ಧೈರ್ಯಮಾಡಿ ತೆಗೆದುಕೊಂಡು ಹೋದೆನು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, 'ಕಬ್ಬಿಣದ ಬಾಂಡ್ಲೀಲಿ ಬೇಯಿಸ್ದಾ ಮಗಾ?' ಎಂದರು. ಹೌದು, ಮನೆಯಲ್ಲಿದ್ದ ದೊಡ್ಡ ಪಾತ್ರೆಯೆಂದರೆ ಅದೊಂದೇ. ಅಜ್ಜಿಯವರು ಬಣ್ಣದ ಕೆಲಸವನ್ನು ಕಂಡವರೇ ಅಲ್ಲ. ಆದರೆ ಅವರ ತಾತನವರು ಶ್ಯಾನುಭೋಗಿಕೆ ಮಾಡುತ್ತಿದ್ದವರು. ಅಳಲೆಕಾಯಿಯನ್ನು ಜಜ್ಜಿ ಬೇಯಿಸಿ, ಅದಕ್ಕೆ ಅನ್ನಭೇದಿಯನ್ನು ಹಾಕಿ ಲೆಕ್ಕದ ಕಡತಕ್ಕೆ ಕಪ್ಪು ಶಾಯಿಯನ್ನು ತಯಾರಿಸುತ್ತಿದ್ದುದನ್ನು ಅವರು ಬಾಲ್ಯದಲ್ಲಿ ನೋಡಿದ್ದರು. ಒಗರಾದ ವಸ್ತುವಿಗೆ ಕಬ್ಬಿಣ ಸೋಕಿದರೆ ಕಪ್ಪಾಗುವುದೆಂಬುದು ಅವರಿಗೆ ಬಾಳೆಕಾಯಿ ಹೆಚ್ಚಿದ ಕತ್ತಿಯಷ್ಟೇ ಸಹಜವಾದ ಸಂಗತಿ. ಅನ್ನಭೇದಿಯೆಂಬುದು ಕಬ್ಬಿಣದ ಲವಣವೇ ಎಂದು ನಾನು ರಸಾಯನಶಾಸ್ತ್ರದ ತರಗತಿಯಲ್ಲಿ ಕಲಿತು ಅಂಕಗಳನ್ನು ಪಡೆದಿದ್ದೆನು. ಬಾಣಲೆಯ ಮುಂದೆ ನಿಂತಾಗ ಅದು ನೆನಪಿಗೆ ಬರಲಿಲ್ಲ. ತಾಮ್ರದ ಪಾತ್ರೆಗೆ ಕಲಾಯಿ ಮಾಡಿಸಿ ಕುದಿಸಿದಾಗ ಕೆಂಗಂದು ಬಂದಿತು. ಕೆಟ್ಟುಹೋದ ಬಟ್ಟೆಯೂ ವ್ಯರ್ಥವಾಗಲಿಲ್ಲ. ಆ ಬೂದುಬಣ್ಣವೇ ಬೇಕೆಂದು ಇಬ್ಬರು ಸದಸ್ಯೆಯರು ಈಗ ಬೇಕೆಂತಲೇ ಹಳೆಯ ಮೊಳೆಗಳನ್ನು ಹಾಕಿ ಕುದಿಸುತ್ತಾರೆ. ನಾನು ಯಶಸ್ವಿಯಾದ ಬಟ್ಟೆಯನ್ನೇ ತಂದು ಪ್ರದರ್ಶಿಸಿದ್ದರೆ, ಚೆನ್ನಾಗಿದೆ ಎಂಬ ಒಂದು ಮಾತಿನಲ್ಲಿ ಆ ದಿನ ಮುಗಿದುಹೋಗುತ್ತಿದ್ದಿತು. ಅಜ್ಜಿಯವರ ತಾತನ ಶಾಯಿಯ ಕಥೆಯು ಅವರೊಡನೆಯೇ ಇರುತ್ತಿದ್ದಿತು.

ಇಷ್ಟು ಹೇಳಿ ಹಂಚಿಕೊಳ್ಳುವುದರ ಮಹಿಮೆಯನ್ನು ಹೊಗಳಿ ಮುಗಿಸಿಬಿಡಬಹುದಿತ್ತು. ಆದರೆ ಆ ಸಮುದಾಯ ಭವನದಲ್ಲಿಯೇ ನನಗೆ ಉತ್ತರ ಹೊಳೆಯದಂಥ ಪ್ರಶ್ನೆಯೊಂದು ಎದ್ದಿತು. ನಮ್ಮ ಕಡೆ ರಾಗಿ ಕೇರುವುದಕ್ಕೆ ಬಿದಿರಿನ ಮೊರವಿಲ್ಲದೆ ಆಗದು. ಮೊರವನ್ನು ಹೆಣೆಯುವವರು ಮೇದರು. ಕೊಂಡು ತಂದ ಮೇಲೆ ಮೆಂತ್ಯವನ್ನು ನೆನೆಸಿ ರುಬ್ಬಿ, ಹಳೆಯ ಕಾಗದದೊಡನೆ ಕಲಸಿ, ಸಂದುಗಳಿಗೆ ಬಳಿದು ಒಣಗಿಸುವುದು ಮನೆಯವರ ಕೆಲಸ. ಈ ಬಳಿಯುವುದರಲ್ಲಿ ನಾವೆಲ್ಲರೂ ಪಂಡಿತೆಯರು. ಹೆಣೆಯುವುದನ್ನೂ ಕಲಿಯಬೇಕೆಂದು ಕೆಲವರಿಗೆ ಆಸೆಯಾಗಿ, ಸಂತೆಯಲ್ಲಿ ಮೊರ ಮಾರುವ ತಾಯಿಯೊಬ್ಬರನ್ನು ಬರಮಾಡಿಕೊಂಡೆವು. ಅವರು ಬಂದು ಬಾಗಿಲ ಬಳಿಯ ಕಂಬಕ್ಕೆ ಒರಗಿ ಕುಳಿತರು. ಒಳಗೆ ಬನ್ನಿರೆಂದು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ, ಮನೆಗೆ ಹೋದ ಮೇಲೆ ಅದು ನೆನಪಾಯಿತು. ಹೆಣೆಯುವುದನ್ನು ತೋರಿಸಿಕೊಡಬೇಕೆಂದು ಕೇಳಿದಾಗ ಅವರು ನಕ್ಕು, 'ಹೇಳ್ಕೊಟ್ಬುಟ್ರೆ ನಾಳಿಂದ ನನ್ ಮೊರವ ಯಾರ್ ತಕ್ಕಂಡಾರವ್ವ?' ಎಂದರು.

ಇದಕ್ಕೆ ನಮ್ಮಲ್ಲಿ ಕೆಲವರು ಬೇಸರಪಟ್ಟುಕೊಂಡರು. ವಿದ್ಯೆಯನ್ನು ಬಚ್ಚಿಡಬಾರದು, ಕೊಟ್ಟಷ್ಟೂ ಹೆಚ್ಚುವುದು ಎಂದು ಉಪದೇಶಿಸಿದರು. ನನ್ನ ಅಭಿಪ್ರಾಯದಲ್ಲಿ ಆ ತಾಯಿಯ ಮಾತೇ ಸರಿ. ಹೊತ್ತು ಕಳೆಯಲು ಕಸೂತಿ ಹಾಕುವ ನನಗೂ, ಅದರಿಂದಲೇ ಒಲೆ ಹೊತ್ತಿಸುವ ಅವರಿಗೂ 'ಹಂಚಿಕೊಳ್ಳುವುದು' ಎಂಬ ಪದದ ಅರ್ಥವು ಒಂದೇ ಆಗಲಾರದು. ನಾನು ಹಂಚಿಕೊಂಡರೆ ನನಗೆ ಮೆಚ್ಚುಗೆ. ಅವರು ಹಂಚಿಕೊಂಡರೆ ಅವರಿಗೆ ನಷ್ಟ. ತಪ್ಪುಗಳನ್ನೂ ಅನುಮಾನಗಳನ್ನೂ ಧಾರಾಳವಾಗಿ ಹಂಚಿಕೊಳ್ಳೋಣ. ಮತ್ತೊಬ್ಬರ ಜೀವನೋಪಾಯವಾದ ವಿದ್ಯೆಯನ್ನು ಕೇಳುವಾಗ ಉಪಾಧ್ಯಾಯಿನಿಗೆ ಸಲ್ಲುವಂತೆ ಸಂಬಳವನ್ನು ಸಲ್ಲಿಸೋಣ. ಕೊನೆಗೆ ಕಲಿಯಬಯಸಿದವರೊಬ್ಬೊಬ್ಬರೂ ಪ್ರತಿ ವಾರ ಒಂದು ಮೊರದ ಬೆಲೆಯನ್ನು ಕೊಡತಕ್ಕದ್ದೆಂದು ಗೊತ್ತುಮಾಡಿಕೊಂಡೆವು. ಬರಿದೆ ನೋಡುವುದಕ್ಕೂ ದುಡ್ಡೇ ಎಂದು ಇಬ್ಬರು ಎದ್ದುಹೋದರು.

ಆ ತಾಯಿಯವರು ಮೂರು ವಾರ ಬಂದರು. ಬಿದಿರನ್ನು ಸೀಳಿ ಕಾಗದದಷ್ಟು ತೆಳುವಾದ ದಬ್ಬೆಯನ್ನು ತೆಗೆಯುವುದು ನಮ್ಮಲ್ಲಿ ಒಬ್ಬರಿಗೂ ಸಾಧ್ಯವಾಗಲಿಲ್ಲ. ಬೆರಳು ಕೊಯ್ದುಕೊಂಡವರು ಮಾತ್ರ ನಾಲ್ವರು. ಅವರ ಭಯಕ್ಕೆ ಆಧಾರವಿರಲಿಲ್ಲವೆಂದು ಹೇಳಬಹುದು. ಆದರೆ ಅದು ಮೊದಲೇ ಅವರಿಗೆ ತಿಳಿಯುವುದು ಹೇಗೆ? ಬಿದಿರು ದೊರೆಯುವುದೇ ಕಷ್ಟವೆಂಬುದೂ, ಸರ್ಕಾರವು 2017ರಲ್ಲಿ ಕಾನೂನನ್ನು ತಿದ್ದಿ ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರವೆಂಬ ಗಣನೆಯಿಂದ ತೆಗೆದುಹಾಕಿದ ಬಳಿಕವೂ ಸಂತೆಗೆ ಬರುವ ಬಿದಿರಿನ ಬೆಲೆ ಅವರ ಕೈಗೆ ಎಟುಕುತ್ತಿಲ್ಲವೆಂಬುದೂ ಆಗಲೇ ನಮಗೆ ತಿಳಿದುದು. ಅಂದಿನಿಂದ ನಾನು ಮೊರಕ್ಕೆ ಚೌಕಾಸಿ ಮಾಡಿಲ್ಲ. ಎಲ್ಲರೂ ಹಾಗೆಯೇ ಆದರೆಂದು ಬರೆದರೆ ಸುಳ್ಳಾದೀತು. ಚುಂಚನಗಿರಿಯ ಜಾತ್ರೆ ಹತ್ತಿರ ಬರಲು ಅವರಿಗೆ ಬಿಡುವಿಲ್ಲದೆ ಬರುವುದು ನಿಂತುಹೋಯಿತು.

ಆದರೂ ಗುಟ್ಟು ಕಾಪಾಡಿದರೆ ಮಾತ್ರ ಕಸಬು ಉಳಿಯುವುದೆಂದು ನಾನು ಒಪ್ಪಲಾರೆ. ಮಂಡ್ಯದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ಚನ್ನಪಟ್ಟಣವನ್ನು ನೋಡಿರಿ. ಆಲೆಯ ಮರವನ್ನು ಚರಕಿಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವರು. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಜಪಾನಿನ ಅರಗಿನ ಕೆಲಸದ ಪರಿಚಯವನ್ನು ಆ ಊರಿನ ಕುಶಲಕರ್ಮಿಗಳಿಗೆ ಮಾಡಿಕೊಟ್ಟವರು ಬಾವಾಸ್ ಮಿಯಾ ಎಂಬವರೆಂದು ಅಲ್ಲಿಯವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಆತನು ತಿಳಿದುದನ್ನು ತನ್ನ ಮನೆಯೊಳಗೇ ಇರಿಸಿಕೊಂಡಿದ್ದರೆ ಒಂದು ಕುಟುಂಬವು ಒಂದೆರಡು ತಲೆಮಾರು ಸುಖವಾಗಿದ್ದೀತು. ಹಂಚಿದುದರಿಂದ ಒಂದು ಊರಿಗೇ ಹೆಸರು ಬಂದಿತು. ಆ ಗೊಂಬೆಗಳಿಗೆ 2006ರಲ್ಲಿ ದೊರೆತ ಭೌಗೋಳಿಕ ಸೂಚಿಯ ಮಾನ್ಯತೆಯಲ್ಲಿಯೂ ಇದೇ ತತ್ತ್ವವಿದೆ. ಆ ಹಕ್ಕು ಯಾವ ಒಬ್ಬ ವ್ಯಾಪಾರಿಯದೂ ಅಲ್ಲ, ಆ ಸ್ಥಳದಲ್ಲಿ ಆ ರೀತಿಯಲ್ಲಿ ಕೆಲಸಮಾಡುವವರೆಲ್ಲರದು. ಅಂದರೆ ಒಳಗಿನವರಲ್ಲಿ ಧಾರಾಳ, ಹೊರಗಿನ ನಕಲಿಯವರಿಗೆ ಬೇಲಿ. ನಮ್ಮ ನಾಗಮಂಗಲದಲ್ಲಿಯೇ ಲೋಹದ ಎರಕದ ಕೆಲಸವು ಹಳೆಯದು. ಜೇನುಮೇಣದಲ್ಲಿ ವಿಗ್ರಹವನ್ನು ತಿದ್ದಿ, ಮೇಲೆ ಮಣ್ಣನ್ನು ಮೆತ್ತಿ, ಕಾಯಿಸಿ ಮೇಣವನ್ನು ಇಳಿಸಿ, ಆ ಬರಿದಾದ ಜಾಗಕ್ಕೆ ಲೋಹವನ್ನು ಹೊಯ್ಯುವರು; ವಿಗ್ರಹವನ್ನು ತೆಗೆಯಬೇಕಾದರೆ ಅಚ್ಚನ್ನು ಒಡೆಯಲೇಬೇಕು, ಆದ್ದರಿಂದ ಒಂದು ಅಚ್ಚಿಗೆ ಒಂದೇ ವಿಗ್ರಹ. ಇಂಥ ವಿದ್ಯೆಯು ಮನೆತನದಲ್ಲಿ ತಂದೆಯಿಂದ ಮಗನಿಗೆ ಸಾಗಿಬಂದುದು. ಮಗನು ಬೆಂಗಳೂರಿನಲ್ಲಿ ಉದ್ಯೋಗ ಹಿಡಿದರೆ ಆ ಮನೆಯ ಅಚ್ಚು ಯಾರ ಕೈಯಲ್ಲಿ ಉಳಿಯಬೇಕು? ಹೆಣ್ಣುಮಕ್ಕಳಿಗೆ ಏಕೆ ಕಲಿಸಬಾರದೆಂದು ಕೇಳಿದರೆ ಜನರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಮಾರಾಟದ ಮಾತೂ ಇದೆ. ಹೆಂಗಸರ ಕೈಗೆಲಸವೆಂದೊಡನೆ, ಇದನ್ನು ಮಾರಿ ಎಷ್ಟು ಸಂಪಾದಿಸಬಹುದು ಎಂದು ಕೇಳುವುದು ಎಲ್ಲರ ವಾಡಿಕೆ. ಸಂಪಾದನೆಯನ್ನು ನಾನು ಹಗುರಮಾಡುತ್ತಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ನೇಯ್ಗೆಯನ್ನೂ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿದುದು ಹೊಟ್ಟೆಯ ಪ್ರಶ್ನೆಯನ್ನು ಕಂಡೇ. ಅದೇ ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅಖಿಲ ಭಾರತ ಕರಕುಶಲ ಮಂಡಲಿಯ ಮೂಲಕ ದೇಶದ ಕುಶಲಕರ್ಮಿಗಳಿಗೆ ಮಾರುಕಟ್ಟೆಯ ದಾರಿಯನ್ನು ತೆರೆದರು. ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಸ್ಥಾಪಿಸಿದ ಜನಪದ ಸೇವಾ ಟ್ರಸ್ಟಿನ ಆಶ್ರಯದಲ್ಲಿ ಖಾದಿಯ ಮಗ್ಗಗಳು ಕೆಲಸಮಾಡಿವೆ. ಆದರೆ ಕೊಳ್ಳುವವರನ್ನೇ ಸರ್ವಸ್ವವೆಂದು ನಂಬಿದ ಕೈಗೆಲಸವು ಕೊಳ್ಳುವವರು ಬಾರದ ದಿನ ಏನಾಗಬೇಕು? 2020ರಲ್ಲಿ ಸಾಂಕ್ರಾಮಿಕದಿಂದ ಅಂಗಡಿಗಳೆಲ್ಲ ಮುಚ್ಚಿದಾಗ, ನಾನು ಮೇಲೆ ಹೆಸರಿಸಿದ ಚರಕ ಸಂಘವೂ ತನ್ನ ಆರ್ಥಿಕ ಸಂಕಟವನ್ನು ಬಹಿರಂಗವಾಗಿ ಸಾರಬೇಕಾಯಿತು. ಅದೇ ತಿಂಗಳುಗಳಲ್ಲಿ ನಮ್ಮ ಊರಿನ ಹೆಂಗಸರು, ಸೇರುವುದಕ್ಕೆ ಅಪ್ಪಣೆಯಿಲ್ಲದಿದ್ದರೂ, ಹಿತ್ತಲ ಬೇಲಿಯ ಮೇಲೆ ತಮ್ಮ ಹೆಣಿಗೆಯನ್ನು ಹರಡಿ ಒಬ್ಬರಿಗೊಬ್ಬರು ದೂರದಿಂದಲೇ ತೋರಿಸಿಕೊಳ್ಳುತ್ತಿದ್ದರು. ಒಂದು ಕಾಸೂ ಹುಟ್ಟಲಿಲ್ಲ. ಕೆಲಸವು ಮಾತ್ರ ನಿಲ್ಲಲಿಲ್ಲ.

ಹೊರಗಿನ ಲೋಕವೂ ಈ ದಿಕ್ಕಿನಲ್ಲಿ ಯೋಚಿಸತೊಡಗಿದೆ. ಆಸ್ಟ್ರೇಲಿಯದಲ್ಲಿ 1990ರ ದಶಕದಿಂದ ನಿವೃತ್ತರಾದ ಗಂಡಸರು ಊರೊಟ್ಟಿನ ಮರಗೆಲಸದ ಕೊಟ್ಟಿಗೆಗಳಲ್ಲಿ ಸೇರುವ ಪದ್ಧತಿ ಬೆಳೆದಿದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ 2009ರಲ್ಲಿ ಆರಂಭವಾದ 'ರಿಪೇರಿ ಕೆಫೆ'ಯನ್ನು ನೋಡಿ ಬೆಂಗಳೂರಿನಲ್ಲಿಯೂ 2015ರಿಂದ ಕೆಲವರು ಕೆಟ್ಟ ಸಾಮಾನುಗಳನ್ನು ಒಟ್ಟಿಗೆ ಕುಳಿತು ದುರಸ್ತುಮಾಡಿಕೊಳ್ಳುವ ಕೂಟಗಳನ್ನು ನಡೆಸಿದರು. ಒಡೆದುದನ್ನು ನಾಚದೆ ತರುವುದೇ ಅಲ್ಲಿಗೆ ಪ್ರವೇಶದ ಚೀಟಿ. ಕುಲುಮೆಯಲ್ಲಿ ಗುಳ ಹಿಡಿದು ಕುಳಿತಿದ್ದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ.

ಇನ್ನು ತಾಯಿತಂದೆಗಳ ಆಕ್ಷೇಪಣೆ. ಹತ್ತನೆಯ ತರಗತಿಯ ಪರೀಕ್ಷೆಯು ತಲೆಯ ಮೇಲಿರುವಾಗ ಹೊಲಿಗೆಗೆ ಹೊತ್ತೆಲ್ಲಿ ಎಂದು ತಾವು ಕೇಳುವಿರಿ. ನಾನೂ ಇಬ್ಬರು ಮಕ್ಕಳ ತಾಯಿ. ಈ ಆತಂಕವನ್ನು ನಗುವ ಸ್ಥಿತಿಯಲ್ಲಿಲ್ಲ. ಹೆಣ್ಣುಮಕ್ಕಳನ್ನು ಗಣಿತದಿಂದ ದೂರವಿಟ್ಟು ಸೂಜಿಯನ್ನು ಕೊಟ್ಟ ಕಾಲವೂ ಇದ್ದಿತೆಂಬುದನ್ನು ಬಲ್ಲೆನು. ಆ ಕಾಲವು ಮರಳಬೇಕೆಂದು ನನ್ನ ಇಷ್ಟವಲ್ಲ. ಕೈಗೆಲಸವನ್ನು ಪಾಠಪಟ್ಟಿಗೆ ಸೇರಿಸಿ ಅದಕ್ಕೂ ಅಂಕಗಳನ್ನು ಗೊತ್ತುಮಾಡಬೇಕೆಂದೂ ಹೇಳುವುದಿಲ್ಲ. ಅಂಕವಿದ್ದುದರಿಂದಲೇ ಆ ಅಮ್ಮ ಮೇಜುಬಟ್ಟೆಯನ್ನು ಮಾಡಿಕೊಡಬೇಕಾಯಿತು. ಆದರೆ ತಮ್ಮ ಮಗಳು ತಾನು ಕೆಡಿಸಿದ ಒಂದು ವಸ್ತುವನ್ನು ಹತ್ತು ಜನರ ಮುಂದೆ ಬಿಚ್ಚಿ, ಇಲ್ಲಿ ಹೀಗೇಕೆ ಆಯಿತೆಂದು ಕೇಳಿದುದನ್ನು ತಾವು ಎಂದಾದರೂ ಕಂಡಿದ್ದೀರಾ? ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ತಪ್ಪಿಗೆ ಕೆಂಪು ಗೆರೆಯೊಂದೇ ಗತಿ. ಅದನ್ನು ಮಗುಚಿ ನೋಡುವವರಿಲ್ಲ. ಸಾವಿರಾರು ರೂಪಾಯಿ ಶುಲ್ಕವನ್ನು ತೆತ್ತು ಬೇಸಿಗೆಯ ಶಿಬಿರಗಳಲ್ಲಿ 'ಆತ್ಮವಿಶ್ವಾಸ'ವನ್ನು ಕಲಿಸುವ ಈ ದಿನಗಳಲ್ಲಿ, ತಿಂಗಳಿಗೆ ಒಂದು ಶನಿವಾರದ ಅಪರಾಹ್ಣವು ಬಲು ದುಬಾರಿಯ ಬೆಲೆಯೆಂದು ನನಗೆ ತೋರುವುದಿಲ್ಲ.

ಆದುದರಿಂದ ಹಳೆಯ ವಿದ್ಯಾರ್ಥಿನಿಯರ ಸಂಘದ ಸದಸ್ಯೆಯರಲ್ಲಿ ನನ್ನ ಬಿನ್ನಹವೇನೆಂದರೆ: ಶಾಲೆಯವರ ಅನುಮತಿಯನ್ನು ಪಡೆದು, ಬೆಂಚುಗಳನ್ನು ಹೊರಗೆ ಹಾಕಿ, ಹೊಲಿಗೆಯ ಕೊಠಡಿಯನ್ನು ಪ್ರತಿ ತಿಂಗಳ ಮೊದಲನೆಯ ಶನಿವಾರ ಮಧ್ಯಾಹ್ನ ಎರಡು ಗಂಟೆಯಿಂದ ತೆರೆದಿಡೋಣ. ಬಾಲಿಕೆಯರು ಬರಲಿ, ಅವರ ತಾಯಂದಿರು ಬರಲಿ. ಮೇಜುಬಟ್ಟೆಯನ್ನು ಮಾಡಿಕೊಟ್ಟ ಅಮ್ಮನವರು ಮುಖ್ಯವಾಗಿ ಬರಲಿ, ಅವರಿಂದ ಕಲಿಯತಕ್ಕದ್ದು ಬಹಳವಿದೆ. ತಂದೆಯರಲ್ಲಿ ಮರಗೆಲಸವನ್ನೋ ತಂತಿಯ ಕೆಲಸವನ್ನೋ ಬಲ್ಲವರಿದ್ದರೆ ಅವರಿಗೂ ಜಾಗವುಂಟು. ಮುಗಿದ ವಸ್ತುವನ್ನು ತರಲೇಕೂಡದೆಂದು ನಿಯಮ ಮಾಡುವುದು ಬೇಡ. ತಂದವರು ಅದನ್ನು ಮಗುಚಲು ಒಪ್ಪಿದರೆ ಸಾಕು. ಬಹುಮಾನವಿರಬಾರದು. ಯಾರು ಯಾವ ತೊಡಕನ್ನು ತಂದರು, ಯಾರು ಬಿಡಿಸಿದರು ಎಂಬುದನ್ನು ಬರೆದಿಡಲು ಒಂದು ದಪ್ಪ ಪುಸ್ತಕವಿರಲಿ. ಕಸಬಿನಿಂದ ಬದುಕುವವರನ್ನು ಕರೆಸಿದ ದಿನ ಅವರಿಗೆ ಸಂಭಾವನೆ ಸಲ್ಲಬೇಕು, ಕುರ್ಚಿಯು ನಡುವಿನ ಮೇಜಿನ ಬಳಿಯೇ ಇರಬೇಕು. ಇದಕ್ಕೆ ಬೇಕಾದ ಹಣದ ಬಗ್ಗೆ ಸಂಘದ ಖಜಾಂಚಿಯವರೊಡನೆ ಮಾತನಾಡಿದ್ದೇನೆ. ಅವರು ಇನ್ನೂ ಒಪ್ಪಿಲ್ಲ. ಈ ಸಂಚಿಕೆಯನ್ನು ಅವರೂ ಓದುವರೆಂದು ನಂಬಿದ್ದೇನೆ.

ಕೊಠಡಿಯ ಬೀಗದ ಕೈ ಕಛೇರಿಯ ಗೋಡೆಯಲ್ಲಿ, ಎಡಗಡೆಯಿಂದ ಮೂರನೆಯ ಮೊಳೆಗೆ ತೂಗುಹಾಕಿದೆ. ವಿಚಾರಿಸಿ ನೋಡಿಕೊಂಡು ಬಂದಿದ್ದೇನೆ. ಮೊದಲನೆಯ ಶನಿವಾರಕ್ಕೆ ನಾನು ಆ ಹಳೆಯ ಗವಂತಿಯ ಬಟ್ಟೆಯನ್ನೇ ತರುವೆನು. ಇಷ್ಟು ವರ್ಷಗಳಾದರೂ ಮುಗಿಸಿಲ್ಲ, ನಡುವಿನ ಗೋಪುರದ ಬಲಗಡೆ ಎಳೆಯ ಎಣಿಕೆ ತಪ್ಪಿಹೋಗಿದೆ, ಬೆನ್ನ ಮೇಲೆ ಏಳು ಗಂಟುಗಳಿವೆ.